ಮೇಕೆಯ ಆರೋಗ್ಯಕ್ಕಾಗಿ ಪ್ರಾರ್ಥನೆ

ನನ್ನ ಹೆಂಡತಿ ಎನಿಫಾ ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕಣ್ಣು ಮುಚ್ಚಿದಳೆಂದರೆ ತಟ್ಟೆಯಲ್ಲಿನ ಜೋಳದ ಮುದ್ದೆ ತಣ್ಣಗಾಗಿ ಕಲ್ಲಾಗುತ್ತದೆ. ದೇವರಿಗೆ ಅವಳು ಒಂದನ್ನೂ ಬಿಡದೆ ವರದಿ ಒಪ್ಪಿಸುತ್ತಾಳೆ: ಯಾರ ಮನೆ ಸೋರುತ್ತಿದೆ, ಯಾರ ಕೋಳಿ ಯಾರ ಹಿತ್ತಲಿಗೆ ನುಗ್ಗಿತು, ಗಂಡನೆಂಬ ಪ್ರಾಣಿ ಬೆಳಗ್ಗೆ ಏನಂದ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ನಡುವೆ ಬಾಯಿ ಹಾಕಿದ್ದೆ. ಕಣ್ಣು ತೆರೆಯದೆಯೇ ಅದನ್ನೂ ದೇವರಿಗೆ ಹೇಳಿದಳು. ಪ್ರಾರ್ಥನೆಯ ನಡುವೆ ಮಾತಾಡುವುದು ನಮ್ಮ ಮಲಾವಿಯಲ್ಲಿ ಯಾರೂ ಮಾಡದ ಕೆಲಸ. ಊರಿನ ಮುಖ್ಯಸ್ಥನಾದರೂ ಅಷ್ಟೇ, ಮಂತ್ರಿಯಾದರೂ ಅಷ್ಟೇ. ಟೋಪಿ ತೆಗೆದು, ತಲೆ ತಗ್ಗಿಸಿ, ಆಮೆನ್ ಬರುವವರೆಗೂ ಕಾಯಬೇಕು.

ಈಗ ಗಾಡಿಯ ವಿಷಯ. ಬೆಟ್ಟದಾಚೆಯ ಆಸ್ಪತ್ರೆಗೆ ರೋಗಿಗಳನ್ನು ಸಾಗಿಸಲೆಂದು ನಮ್ಮೂರಿಗೆ ಒಂದು ಸೈಕಲ್ ಗಾಡಿ ಬಂದಿತ್ತು. ಸೈಕಲ್ಲಿನ ಹಿಂದೆ ಎರಡು ಗಾಲಿಯ ಮಂಚ, ಅದರ ಮೇಲೆ ಬಿಸಿಲು ತಡೆಯಲು ಹಸಿರು ಪರದೆ. ಊರಿಗೆಂದು ಬಂದದ್ದು ಮುಖ್ಯಸ್ಥ ಚಿಂಬಲಂಗಾ ಅವರ ಅಂಗಳದಲ್ಲಿ ಬೀಡುಬಿಟ್ಟಿತು. ಅವರ ಸೋದರಳಿಯ ಬೆಸ್ಟನ್ ಅದರಲ್ಲಿ ಮೇಕೆಗಳನ್ನು ಸಂತೆಗೆ ಸಾಗಿಸತೊಡಗಿದ. ನಮ್ಮಲ್ಲಿ ಸೋದರಳಿಯನೇ ಮುಂದಿನ ಮುಖ್ಯಸ್ಥ. ಹಾಗಾಗಿ ಯಾರೂ ತುಟಿಪಿಟಕ್ಕೆನ್ನಲಿಲ್ಲ.

ಹೋದ ವರ್ಷ ನಮ್ಮ ಮಗಳು ಟಿಯಾಮಿಕೆಗೆ ಹೆರಿಗೆ ನೋವು ಬಂದ ದಿನವೂ ಗಾಡಿ ಸಂತೆಗೆ ಹೋಗಿತ್ತು. ಅವಳನ್ನು ನಡೆಸಿಕೊಂಡು ಹೊರಟೆವು. ಮಗು ದಾರಿಯಲ್ಲೇ ಹುಟ್ಟಿತು, ಅಳಲಿಲ್ಲ. ಅದರ ಬಗ್ಗೆ ನನಗೆ ತಮಾಷೆ ಮಾಡಲು ಬರುವುದಿಲ್ಲ. ಈ ವರ್ಷ ಅವಳು ಮತ್ತೆ ತುಂಬು ಬಸುರಿ.

ಎನಿಫಾ ಚರ್ಚಿನ ಮಹಿಳಾ ಸಂಘದ ಮುಂದಾಳು. ಸಂಘದ ಹೆಂಗಸರೆಲ್ಲ ಬಿಳಿ ತಲೆವಸ್ತ್ರ ಕಟ್ಟಿಕೊಂಡು ಮುಖ್ಯಸ್ಥರ ಅಂಗಳಕ್ಕೆ ಹೋಗಿ, ಪದ್ಧತಿಯಂತೆ ಮಂಡಿಯೂರಿ, ಗಾಡಿಯನ್ನು ಊರಿಗೆ ಬಿಟ್ಟುಕೊಡಿ ಎಂದು ಕೇಳಿಕೊಂಡರು. “ನೋಡೋಣ ತಾಯಂದಿರಾ” ಎಂದರು ಅವರು. ಎರಡನೇ ಸಲ ಹೋದಾಗ “ನೋಡ್ತಾ ಇದೀನಲ್ಲ” ಎಂದರು. ನಮ್ಮ ಪಾದ್ರಿಗಳಂತೂ ‘ನ್ಯಾಯವಾದ ಆಡಳಿತದಲ್ಲಿ ಚರ್ಚಿನ ಪಾತ್ರ’ ಎಂಬ ಶಿಬಿರಕ್ಕೆ ಪಟ್ಟಣಕ್ಕೆ ಹೋಗಿ ಒಂದು ಟೋಪಿ, ಒಂದು ಚೀಲ ತಂದಿದ್ದರು. ಟೋಪಿ ಅವರಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಆ ಶನಿವಾರ ದೊಡ್ಡ ಅತ್ತಿಮರದ ಕೆಳಗೆ ಊರ ಸಭೆ. ಜಿಲ್ಲಾ ಕಚೇರಿಯಿಂದ ಅಧಿಕಾರಿಯೂ ಬರುವವರಿದ್ದರು. ಎನಿಫಾ ಹಿಂದಿನ ದಿನವೇ ಹೋಗಿ ಮಾತಾಡಲು ಅವಕಾಶ ಕೇಳಿದಳು. “ಮಾತಾಡೋರು ಆಗ್ಲೇ ಜಾಸ್ತಿ ಆಗಿದಾರೆ” ಎಂದುಬಿಟ್ಟರು ಮುಖ್ಯಸ್ಥರು. ಸಭೆಯ ಹೊತ್ತಿಗೆ ನೋಡಿದರೆ ಪಾದ್ರಿಗಳೇ ಇಲ್ಲ. ಮತ್ತೊಂದು ಶಿಬಿರ. ಪ್ರಾರ್ಥನೆಯಿಲ್ಲದೆ ಸಭೆ ಶುರುವಾಗುವಂತಿಲ್ಲ.

ಮುಖ್ಯಸ್ಥರು ಸುತ್ತ ಕಣ್ಣಾಡಿಸಿದರು. “ಎನಿಫಾ ತಾಯಿ, ಮಾತು ಬೇಡ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಒಂದು ಪ್ರಾರ್ಥನೆ ಮಾಡಿಬಿಡು. ಚಿಕ್ಕದಾಗಿ.”

ಪಾಪ, ಅವರು ನಮ್ಮ ಮನೆಯಲ್ಲಿ ಯಾವತ್ತೂ ಊಟ ಮಾಡಿರಲಿಲ್ಲ.

ಎನಿಫಾ ಎದ್ದು ಕಣ್ಣು ಮುಚ್ಚಿದಳು. “ದೇವರೇ, ನಮ್ಮೂರಿಗೆ ರೋಗಿಗಳ ಗಾಡಿ ಕೊಟ್ಯಲ್ಲ, ನಿನ್ನ ಉಪಕಾರ ಹೇಗೆ ಮರೀಲಿ? ಬುಧವಾರ ಅದರಲ್ಲಿ ಒಂದು ಮೇಕೆ ಮಲಗಿಕೊಂಡು ಹೋಗ್ತಾ ಇತ್ತು. ಪಾಪ, ಪರದೆ ಬೇರೆ ಇಳಿಬಿಟ್ಟಿದ್ರು. ಏನು ಕಾಯಿಲೆಯೋ ನಮಗೆ ಗೊತ್ತಿಲ್ಲ, ನಿನಗೆ ಗೊತ್ತು. ಅದನ್ನ ವಾಸಿ ಮಾಡು ತಂದೆ.”

“ವಾಸಿ ಮಾಡು ತಂದೆ” ಎಂದು ಬಿಳಿ ತಲೆವಸ್ತ್ರಗಳೆಲ್ಲ ದನಿಗೂಡಿಸಿದವು. ನಾನು ಒಂದೇ ಒಂದು ಕಣ್ಣು ತೆರೆದೆ. ಅಧಿಕಾರಿ ಎದೆಗೆ ಹಿಡಿದಿದ್ದ ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಬೆಸ್ಟನ್ ಮೆಲ್ಲಗೆ ಮರದ ಹಿಂದೆ ಸರಿಯುತ್ತಿದ್ದ. ಮುಖ್ಯಸ್ಥರು ಜೋರಾಗಿ ಕೆಮ್ಮಿದರು.

“ನಮ್ಮ ಮುಖ್ಯಸ್ಥರಿಗೂ ಕೆಮ್ಮು ಹತ್ತಿದೆ ದೇವರೇ. ನಾಳೆ ಅವರಿಗೂ ಆ ಗಾಡಿ ಬೇಕಾದೀತು. ಅವತ್ತು ಅದು ಸಂತೇಲಿ ಇರದ ಹಾಗೆ ನೋಡ್ಕೋ.”

ಆಮೇಲೆ ಅವಳ ದನಿ ತಗ್ಗಿತು. “ನನ್ನ ಮೊಮ್ಮಗು ನಿನ್ನ ಹತ್ರಾನೇ ಇದೆ. ದಾರಿ ಎಷ್ಟು ದೂರ ಅಂತ ಅದನ್ನೇ ಕೇಳು. ಆಮೆನ್.”

ಆಮೆನ್ ಎಂದವರಲ್ಲಿ ಯಾರೂ ನಗುತ್ತಿರಲಿಲ್ಲ.

ಮುಖ್ಯಸ್ಥರ ಮುಖ ಕೆಂಡವಾಗಿತ್ತು. ಆದರೆ ಅವಳು ಅವರೊಂದಿಗೆ ಮಾತೇ ಆಡಿರಲಿಲ್ಲವಲ್ಲ, ಏನೆಂದು ಬೈಯುವುದು? ಸಭೆಯುದ್ದಕ್ಕೂ ನೆಲ ನೋಡುತ್ತ ಕುಳಿತಿದ್ದವರು, ಕೊನೆಯ ಪ್ರಾರ್ಥನೆ ತಾವೇ ಮಾಡುವುದಾಗಿ ಎದ್ದರು.

“ದೇವರೇ, ಎನಿಫಾಗೆ ಒಳ್ಳೇ ನಾಲಿಗೆ ಕೊಟ್ಟಿದೀಯ. ಅವಳ ಗಂಡನಿಗೆ ತಾಳ್ಮೆ ಕೊಡು.” ಗಂಡಸರೆಲ್ಲ ಒಕ್ಕೊರಲಿನಿಂದ ಹೌದೌದು ಎಂದರು, ನಾನೂ. “ಬೆಸ್ಟನ್‌ನ ಮೇಕೆಗೆ ನಾಲ್ಕು ಕಾಲು ಕೊಟ್ಟವನು ನೀನೇ. ಇನ್ಮೇಲೆ ಅದು ನಡೀಲಿ. ಗಾಡಿ ಇವತ್ತೇ ಚರ್ಚಿನ ಜಗಲಿಗೆ ಹೋಗತ್ತೆ, ಕಾಯಿಲೆ ಬಿದ್ದೋರು ಯಾರೇ ಕೇಳಿದ್ರೂ ಸಿಗತ್ತೆ. ಬೀಗದ ಕೈ ಲೈಟನ್ ಹತ್ರ ಇರಲಿ, ಅವನೇ ತುಳೀಲಿ. ಆಮೆನ್.”

ಲೈಟನ್ ಎಂದರೆ ನಾನೇ. ನನ್ನ ಮಂಡಿನೋವಿನ ವಿಷಯ ಹೇಳೋಣವೆಂದರೆ, ಪ್ರಾರ್ಥನೆಯ ನಡುವೆ ಮಾತಾಡುವಂತಿರಲಿಲ್ಲ.

ಮುಂದಿನ ವಾರವೇ ಒಂದು ಬೆಳಗ್ಗೆ ಟಿಯಾಮಿಕೆಗೆ ನೋವು ಶುರುವಾಯಿತು. ಎಷ್ಟು ತೊಳೆದರೂ ಪರದೆಯೊಳಗಿನ ಮೇಕೆಯ ವಾಸನೆ ಹೋಗಿರಲಿಲ್ಲ. “ಅಪ್ಪಾ, ಅಭ್ಯಾಸಬಲದಿಂದ ಗಾಡಿ ಸಂತೆಗೆ ಹೋದೀತು, ನೋಡ್ಕೋ” ಎಂದಳು ಹಲ್ಲು ಕಚ್ಚಿಕೊಂಡು. ನಾನು ತುಳಿದೆ, ಎನಿಫಾ ಹಿಂದಿನಿಂದ ತಳ್ಳಿದಳು.

ಬೆಟ್ಟದ ಏರಿನಲ್ಲಿ, ಹೋದ ವರ್ಷ ನಾವು ನಿಂತುಬಿಟ್ಟಿದ್ದ ಜಾಗ ಬಂತು. “ಅಮ್ಮಾ, ಪ್ರಾರ್ಥನೆ ಮಾಡು” ಎಂದಳು ಮಗಳು.

“ದೇವರೇ” ಎಂದಳು ಎನಿಫಾ.

ಮುಂದೆ ಮಾತು ಬರಲಿಲ್ಲ. ಅವಳ ಪ್ರಾರ್ಥನೆ ಒಂದೇ ಮಾತಿಗೆ ನಿಂತದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನನಗೆ ಭಯವಾಯಿತು. ಸೀಟು ಬಿಟ್ಟೆದ್ದು ನಿಂತು ತುಳಿದೆ.

ಹೆಣ್ಣು ಮಗು. ಆಸ್ಪತ್ರೆಯ ಗೇಟಿನವರೆಗೂ ಕೇಳುವಂತೆ ಅತ್ತಿತು. ಗಂಟಲು ಅಜ್ಜಿಯದೇ. ನಾನು ಗೋಡೆಯ ಕಡೆ ತಿರುಗಿ ಚೆನ್ನಾಗಿ ಅತ್ತುಬಿಟ್ಟೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಖ್ಯಸ್ಥ ಚಿಂಬಲಂಗಾ ಬಂದರು. ಮೊಣಕಾಲಿನವರೆಗೂ ಕೆಂಪು ಧೂಳು, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಒಂದು ಮೇಕೆ. ಹಗ್ಗವನ್ನು ನನ್ನ ಕೈಗಿತ್ತು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕುಳಿತು, ಬಹಳ ಹೊತ್ತು ಏದುಸಿರು ಬಿಟ್ಟರು.

“ಬಾಣಂತಿಗೆ ಸಾರು ಮಾಡೋಕೆ” ಎಂದರು ಎನಿಫಾಳ ಕಡೆ ತಿರುಗಿ. “ನಡೆಸಿಕೊಂಡೇ ಬಂದೆ. ದಾರಿ ದೂರಾನೇ ಇದೆ ತಾಯಿ, ತುಂಬಾ ದೂರ. ನಾನೇ ಹೇಳಿದೆ ಅಂತ ದೇವರಿಗೆ ಹೇಳು. ಚಿಕ್ಕದಾಗಿ.”