ಆಲಮಟ್ಟಿಗೆ ಹೊರಟ ಅಣೆಕಟ್ಟು

ಇದು ನಡೆದದ್ದೇ, ಬೇಕಾದರೆ ಹಿಡಿ ಜೋಳ ಕೈಯಲ್ಲಿ ಹಿಡಿದು ಹೇಳಿಯೇನು, ಕೇಕಿನ ಅಣೆಕಟ್ಟು ಸೋರಿತು, ಬಿಸ್ಕೀಟಿನ ಗೇಟಿನ ಕೆಳಗೆ ನೀಲಿ ಜೆಲ್ಲಿಯ ಒಂದು ಹನಿ ಬಂದು ನಿಂತಿತು, ಬೀಳಲಿಲ್ಲ, ನಾಜಿಮಾ ಅದನ್ನು ಕಂಡಾಗ ಗಂಡನ ಟಂಟಂ ರಿಕ್ಷಾ ಬಾಗೇವಾಡಿಯ ಕೊನೇ ಮನೆ ದಾಟಿತ್ತು ಅಷ್ಟೇ, ಆಲಮಟ್ಟಿ ಇನ್ನೂ ಎಲ್ಲೋ, ಬೀಳಬ್ಯಾಡವ್ವ, ಅಲ್ಲೇ ಇರು — ಜೆಲ್ಲಿಯ ಹನಿಗೆ ಹೀಗೆ ಬೇಡಿಕೊಳ್ಳುವ ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ, ಇರಲಿ, ಅವಳದೇ ಕೈಯ ಕೇಕು, ಬೂದು ಕ್ರೀಮಿನ ಗೋಡೆ, ಅದರ ಹಿಂದೆ ಜೆಲ್ಲಿಯ ನೀರು, ವರ್ಷಗಟ್ಟಲೆ ಡ್ಯಾಮಿನ ಗೇಟು ಎತ್ತಿ ಇಳಿಸಿ ಇವತ್ತು ನಿವೃತ್ತನಾಗುವ ಶ್ರೀಶೈಲಪ್ಪನಿಗೆ ಅವನ ಮಗಳು ಮಾಡಿಸಿದ್ದು, ಇದು ಕುಸಿದರೆ ಓವನ್ನು ಹೋಯಿತು, ಅತ್ತೆ ಬಿಬಿಜಾನ ಹೇಳಿಯೇ ಇದ್ದಾಳೆ, ಇದೊಂದು ಕೆಟ್ಟರ ಆ ಡಬ್ಬಿ ಇಂಡಿಗೆ, ನನ್ನ ಮಗಳ ಮನಿಗೆ, ನೀ ಸುಮ್ನ ರೊಟ್ಟಿ ಬಡಿ, ಕೆಡಬಾರದು, ಕೆಡಗೊಡುವುದಿಲ್ಲ, ಹಿಂದಿನ ಸಲ ಮುದ್ದೇಬಿಹಾಳಕ್ಕೆ ಒಯ್ದ ಕೇಕು ಕೆಟ್ಟದ್ದು ಓವನ್ನಿನಿಂದ ಅಲ್ಲ, ಅತ್ತೆಯ ತೊಡೆಯಿಂದ, ಅದನ್ನು ಬಾಯಿಬಿಟ್ಟು ಹೇಳುವವರು ಯಾರು, ಉಣ್ಣೂ ಪದಾರ್ಥ ಕಾಲಾಗ ಇಡಬಾರದವ್ವ, ಪಾಪ ಬರತೈತಿ, ಇಲ್ಲಿ ಕೊಡು, ಅಂತ ತೊಡೆಯ ಮೇಲೆ ಏರಿಸಿಕೊಂಡಳು, ತೊಡೆ ಇಳಿಜಾರು, ತೊಡೆ ಬೆಚ್ಚಗೆ, ತಿರುವು ಬಂದಾಗ ಮೊಮ್ಮಗನನ್ನು ಅಪ್ಪಿದ ಹಾಗೆ ಅಪ್ಪಿದಳು, ಎರಡಂತಸ್ತಿನ ಕೇಕು ದಣಿದ ಎಮ್ಮೆಯ ಹಾಗೆ ಕೂತುಬಿಟ್ಟಿತು, ಆ ಮನೆಯವರು ಚಮಚದಿಂದ ತಿಂದರು — ಈ ಸಲ ಕೇಕು ನೆಲಕ್ಕೇ, ಸೀಟಿನ ನಡುವೆ, ಅರ್ಧ ತುಂಬಿದ ಜೋಳದ ಚೀಲ, ಟಂಟಂ ಎತ್ತ ವಾಲಿದರೂ ಕಾಳು ಒಳಗೊಳಗೇ ಜರುಗಿ ಸಮವಾಗುತ್ತದೆ, ಮೇಲೆ ಹಲಗೆ, ಹಲಗೆಗೆ ಒದ್ದೆ ಬಟ್ಟೆ, ಅದರ ಮೇಲೆ ಕೇಕು, ಕಾಲಾಗ ಇಟ್ಟಿಯಲ್ಲೇ ಅಂದಳು ಅತ್ತೆ, ಕಾಲೇ ಇರೂದಿಲ್ರಿ ಅತ್ತಿ, ಎತ್ತಿ ಸೀಟಿನ ಮ್ಯಾಲ ತಗೋರಿ ಅಂದಳು ನಾಜಿಮಾ, ನೆಲ ತಿಕ್ಕಿ ತೊಳೆದು ಎಲ್ಲರ ಚಪ್ಪಲಿ ಟಂಟಂನ ಟಪ್ಪಿನ ಮೇಲೆ ಕಟ್ಟಿದಳು, ಗಂಡ ದಿಲಾವರನದೂ, ಬರಿಗಾಲೀಲೆ ಹೆಂಗ ಹೊಡೀಲಿ, ಬ್ರೇಕ್ ಕಾದು ಹಂಚಾಗೇತಿ, ಕಾದಿದ್ರ ಮೆಲ್ಲಕ ಒತ್ತತೀರಿ, ಹೊಡೀರಿ — ಒತ್ತಿದ ನೋಡಿ, ಮಗುವಿನ ಬೆನ್ನು ತಟ್ಟಿದ ಹಾಗೆ ಒತ್ತಿದ, ಹುಟ್ಟಿದಾಗಿನಿಂದ ಅವನು ಇಷ್ಟು ನಯವಾಗಿ ಬ್ರೇಕು ಹಾಕಿದ್ದಿಲ್ಲ, ಹನಿ ಹಿಗ್ಗಿತು, ನಿಂತಿತು, ದಾರಿಯಲ್ಲಿ ಮಸೂತಿ ಊರಿನ ಕಲ್ಮೇಶ ಕೈ ಅಡ್ಡ ಹಾಕಿದ, ಉಳ್ಳಾಗಡ್ಡಿ ಚೀಲ, ಕಾಲ ತುಂಬ ಹೊಲದ ಎರೆಮಣ್ಣು, ಕೆಳಗ ಇಷ್ಟ ಜಾಗ ಐತಲ್ಲೋ ದಿಲಾವರ, ಆ ಜಾಗದಾಗ ಡ್ಯಾಮ್ ಐತಿ ಕಲ್ಮೇಶಣ್ಣ, ಹಿಂದ ಕುಂದ್ರು, ಕಾಲು ಹೊರಗ ಬಿಡು, ಏನ ಮಂದಿರೋ ನೀವು, ಮನಷ್ಯಾರ ಹೊರಗ ಜೋತಾಡೂದು ಮಿಠಾಯಿ ಒಳಗ ಮಲಗೂದು, ಆದರೂ ಹತ್ತಿದ, ಕಾಲು ಹೊರಗೇ ಬಿಟ್ಟ, ಮತ್ತೆ ನಿಡಗುಂದಿಯ ಈಚೆಗಿನ ಆ ಉಬ್ಬು — ಟಂಟಂ ಏರಿತು, ಚೀಲ ಏರಿತು, ಕೇಕು ಏರಿತು, ಟಂಟಂ ಇಳಿಯಿತು, ಕೇಕು ಇಳಿಯಲಿಲ್ಲ, ಗಾಳಿಯಲ್ಲೇ ಕೂತಿತು, ಅತ್ತೆ ಬಿಸ್ಮಿಲ್ಲಾ ಅಂತ ಶುರುಮಾಡಿ ಪೂರಾ ಹೇಳಿ ಮುಗಿಸುವ ತನಕ, ಆಮೇಲೆ ಟಂಟಂ ತಾನೇ ಅದರ ಕೆಳಗೆ ಬಂದು ಸೇರಿತು, ಕಲ್ಮೇಶನನ್ನು ಕೇಳಿ, ಅವನ ಒಂದು ಉಳ್ಳಾಗಡ್ಡಿ ಇನ್ನೂ ಇಳಿದಿಲ್ಲ — ಹನಿ, ಹನಿ ಎಲ್ಲಿ, ಇದ್ದಲ್ಲೇ ಇದೆ, ಅತ್ತೆ ಮೊಣಕಾಲು ಎದೆಗೆ ಅವುಚಿ ಸೀಟಿನ ಮೇಲೆ ಗುಬ್ಬಿಯ ಹಾಗೆ ಕೂತಿದ್ದಾಳೆ, ಕಾಲು ಜೋಮು ಹಿಡಿದಿರಬೇಕು, ಇಳಿಸಲಿಲ್ಲ, ಅವಳ ಕಣ್ಣೂ ಹನಿಯ ಮೇಲೆಯೇ, ಯಾವಾಗಿನಿಂದ ನೋಡುತ್ತಿದ್ದಾಳೋ, ಆಲಮಟ್ಟಿ ಬಂತು, ಅಂಗಳದಲ್ಲಿ ಮಂದಿ, ಹೊಸ ಧೋತರ ಉಟ್ಟ ಶ್ರೀಶೈಲಪ್ಪ ತಾನೇ ಬಗ್ಗಿ ಒಳಗೆ ಕಾಲಿಡಲು ಹೋದ, ನಾಜಿಮಾ ಬಾಯಿ ತೆರೆಯುವ ಮೊದಲೇ, ಅಲ್ಲೇ ನಿಂದರ್ರಿ ಅಣ್ಣಾರ, ಚಪ್ಪಲಿ ಬಿಟ್ಟು ಬರ್ರಿ, ಒಳಗ ಉಣ್ಣೂ ಪದಾರ್ಥ ಐತಿ, ಯಾರದು ಈ ದನಿ, ಅತ್ತೆಯದೇ, ಅವನು ಬಿಟ್ಟು ಬಂದ, ಮೊಣಕಾಲೂರಿ ಒಂದೊಂದೇ ಗೇಟು ನೋಡಿದ, ಸೋರುವ ಗೇಟಿಗೆ ಬಂದು ನಿಂತ, ಹನಿಯ ಕೆಳಗೆ ಬೆರಳು ಹಿಡಿದ, ನಾ ಡ್ಯೂಟಿ ಮ್ಯಾಲ ಇದ್ದಾಗ ಒಂದ ಹನಿ ಸುಮ್ನ ಬಿಟ್ಟಾಂವಲ್ಲ, ಇದನ್ನೂ ಬಿಡೂದಿಲ್ಲ, ಯಾರ ಮಾಡಿದ್ದವ್ವ ಇದು, ನಮ್ಮ ಸೊಸೀರಿ, ನಮ್ಮ ಮನೀ ಡಬ್ಬ್ಯಾಗ ಬೇಯ್ಸಿದ್ದು — ನಮ್ಮ ಮನಿ ಅಂದಳು ಅತ್ತೆ, ಇಂಡಿ ಅನ್ನಲಿಲ್ಲ, ನಮ್ಮ ಮನೀ ಡಬ್ಬಿ, ನಾಜಿಮಾಳ ಮನಸ್ಸು ಅಲ್ಲಿಂದ ಮುಂದೆ ಹೋಗಲೊಲ್ಲದು, ಹನಿ, ನೀಲಿ ಹನಿ, ಬೆರಳಿನ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ, ಬೀಳಲೊಲ್ಲದು, ಹನಿ.

ಬಿತ್ತೋ ಇಲ್ಲವೋ ಹೇಳುತ್ತೇನೆ, ಮೊದಲು ನಿಮ್ಮ ಚಪ್ಪಲಿ ಹೊರಗೆ ಬಿಟ್ಟು, ಸ್ವಲ್ಪ ಕಾಲು ಮ್ಯಾಲ ತಗೋರಿ.