ಗೀಜಗದ ಹೆಸರು ಕೇಳಲು ಹೋದದ್ದು

ಮಗುವಿಗೆ ನಿಮ್ಮ ಹಡಗಿನ ಹೆಸರನ್ನೇ ಇಡುತ್ತೇನೆ ಎಂದು ಅಮ್ಮ ಮಾತು ಕೊಟ್ಟಿದ್ದಳು. ಕೊಟ್ಟದ್ದು ಒಂದು ಟಗ್ಗಿನ ಕ್ಯಾಪ್ಟನ್‌ಗೆ, ಹಡಗುಕಟ್ಟೆಯ ಮೇಲೆ, ಯಾರದೋ ಚಪ್ಪಲಿ ಮೆಟ್ಟಿಕೊಂಡು ನಿಂತು. ಟಗ್ಗೆಂದರೆ ಬಂದರಿನಲ್ಲಿ ದೊಡ್ಡ ಹಡಗುಗಳಿಗೆ ಹಗ್ಗ ಕಟ್ಟಿ ಎಳೆಯುವ ಗಿಡ್ಡ ಹಡಗು. ನೌಕಾಪಡೆಗೇ ಸೇರಿದ್ದಾದರೂ ಅದಕ್ಕೆ ತೋಪಿಲ್ಲ, ಗತ್ತಿಲ್ಲ. ಹೆಸರು ಗೀಜಗ.

ನದಿ ಉಕ್ಕಿ ಬಂದರಿನ ಹಿಂದಿನ ಬೀದಿಗಳೆಲ್ಲ ಮುಳುಗಿದಾಗ ದೊಡ್ಡ ಹಡಗುಗಳು ಒಳಗೆ ಬರಲಾರದೆ ದೂರದಲ್ಲೇ ನಿಂತವು. ಈ ಗೀಜಗ ಮಾತ್ರ ತೆವಳಿಕೊಂಡು ಬಂದು, ಮಾಳಿಗೆಗಳ ಮೇಲೆ ಕೂತವರನ್ನು ಒಬ್ಬೊಬ್ಬರಾಗಿ ಇಳಿಸಿಕೊಂಡಿತು. ಅಮ್ಮನ ತೋಳಿನಲ್ಲಿ ಹಸುಗೂಸು. ನೀರು ಇಳಿಯುವವರೆಗೆ ಅವರು ಹಡಗಿನಲ್ಲೇ ಇದ್ದರು. ಮಗುವಿನ ಬಟ್ಟೆ ಒಣಗಿಸಲು ಬಿಸಿಲಿರಲಿಲ್ಲ. ಎಂಜಿನ್ ಕೋಣೆಯವರು ಒದ್ದೆ ಬಟ್ಟೆಗಳನ್ನು ಕೆಳಗೆ ಒಯ್ದು, ಬಿಸಿ ಪೈಪುಗಳ ಮೇಲೆ ಹರವಿ, ಒಣಗಿದ ಮೇಲೆ ಮಡಚಿ ತಂದುಕೊಡುತ್ತಿದ್ದರು. ಮೊಣಕೈವರೆಗೆ ಎಣ್ಣೆ ಮೆತ್ತಿದ ಮಂದಿ. ಬಟ್ಟೆಗೆ ಕಲೆಯಾಗಬಾರದೆಂದು ಕಾಗದದ ತುಂಡಿನಲ್ಲಿ ಹಿಡಿದು ತರುತ್ತಿದ್ದರು. ಇಳಿಯುವಾಗ ಅಮ್ಮನಿಗೆ ಬೇರೇನು ಕೊಡಬೇಕೋ ತಿಳಿಯಲಿಲ್ಲ. ಮಾತು ಕೊಟ್ಟಳು.

ಅಮ್ಮನ ಅತ್ತೆ ಒಪ್ಪಲಿಲ್ಲ.

"ಟಗ್ಗಿನ ಹೆಸರು ಹೆಣ್ಣುಮಗೂಗೆ ಇಡ್ತಾರೇನೆ? ಇವತ್ತು ಟಗ್ಗು ಅಂತೀಯ, ನಾಳೆ ಬಸ್ಸಲ್ಲಿ ಸೀಟು ಕೊಟ್ರೆ ಬಸ್ಸಿನ ನಂಬರ್ ಇಡೋಣ ಅಂತೀಯ," ಎಂದು ತನ್ನ ತಾಯಿಯ ಹೆಸರನ್ನೇ ಇಟ್ಟುಬಿಟ್ಟಳು. ಹೊಸ ಸೊಸೆಯ ಮಾತಿಗೆ ಆ ಮನೆಯಲ್ಲಿ ಇದ್ದ ಬೆಲೆ ಅಷ್ಟಕ್ಕಷ್ಟೆ.

ಮಗು ಬೆಳೆಯಿತು, ಓದಿತು, ತನ್ನದೇ ಸಂಸಾರ ಹೂಡಿತು. ಬೆಳಿಗ್ಗೆ ಒಲೆಯ ಮುಂದೆ, ಹಗಲು ಫೈಲುಗಳ ಮುಂದೆ, ಸಂಜೆ ಮಕ್ಕಳ ಹೋಂವರ್ಕಿನ ಮುಂದೆ ಸವೆಯುವ ಹೆಂಗಸಾಯಿತು. ನೌಕಾಪಡೆಯ ಕಚೇರಿಯಲ್ಲಿ ಅವಳು ಗುಮಾಸ್ತೆ. ವರ್ಗಾವಣೆಯ ಗಾಳಿ ಅವಳನ್ನು ಅಲ್ಲಿಂದಿಲ್ಲಿಗೆ ಬೀಸಿ ಕೊನೆಗೆ ಹೆಸರು ಸಮಿತಿಯಲ್ಲಿ ತಂದು ಬಿಟ್ಟಿತು. ಹೊಸ ಯುದ್ಧನೌಕೆಗಳಿಗೆ ಏನು ಹೆಸರಿಡಬೇಕೆಂದು ಗೊತ್ತುಮಾಡುವ ಸಮಿತಿ ಅದು. ಸುದ್ದಿ ಕೇಳಿದ ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಮಗಳ ಮುಖವನ್ನೇ ನೋಡಿದಳು.

"ಎಲ್ಲಿ ಬಿಟ್ಟು ಎಲ್ಲಿ ತಂದು ಕೂರಿಸಿದಾನೆ ನೋಡು ನಿನ್ನ," ಎಂದಳು. ಇಡದೆ ಉಳಿದ ಹೆಸರಿನ ಮಾತದು. ಮಗಳಿಗೆ ಅರ್ಥವಾಯಿತು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಸದ್ದು ಮಾಡುವ ಫ್ಯಾನು, ಗೋಡೆಯ ತುಂಬ ಹಡಗುಗಳ ಫೋಟೊ. ಅಧ್ಯಕ್ಷರು ನಿವೃತ್ತಿಗೆ ಹತ್ತಿರವಾದ ಅಡ್ಮಿರಲ್. ಹೆಸರುಗಳ ಸಮಿತಿಯ ಅಧ್ಯಕ್ಷರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಕಮಾಂಡರ್‌ಗೂ ‘ಇವರೇ’, ಗುಮಾಸ್ತೆಗೂ ‘ಇವರೇ’, ಟೀ ತರುವವನಿಗೂ ‘ಇವರೇ’.

ಹೆಸರಿಡುವುದಕ್ಕೂ ಕ್ರಮವಿತ್ತು. ದೊಡ್ಡ ನೌಕೆಗಳಿಗೆ ಊರುಗಳ ಹೆಸರು, ನಡುವಿನವಕ್ಕೆ ಬೆಟ್ಟಗಳದು, ನೀರಿನಡಿ ಓಡುವವಕ್ಕೆ ಮೀನುಗಳದು, ಗಸ್ತು ನೌಕೆಗಳಿಗೆ ಹಕ್ಕಿಗಳದು. ಊರಿನ ಹೆಸರೆಂದರೆ ತಲೆನೋವು. ನಮ್ಮೂರ ಹೆಸರಿನ ಹಡಗು ಪಕ್ಕದೂರಿನದಕ್ಕಿಂತ ಗಿಡ್ಡ ಯಾಕೆಂದು ಕೇಳಲು ಒಮ್ಮೆ ಹಿರಿಯರ ಗುಂಪೇ ಬಂದು ಮೆಟ್ಟಿಲ ಮೇಲೆ ಕೂತಿತ್ತು. ಅಧಿಕಾರದಲ್ಲಿರುವವರ ಹೆಸರು ಕೂಡದು. ಅವರು ಇಳಿದ ಮೇಲೆ ಬಣ್ಣ ಕೆರೆಯುವವರು ಯಾರು. ಬಿರುಗಾಳಿಯಲ್ಲಿ ಕೂಗಿದರೂ ಬಾಯಿಗೆ ಸಲೀಸಾಗಿ ಬರಬೇಕು. ನಾವಿಕರು ಆಡಿಕೊಳ್ಳಲಾಗದಂಥ ಹೆಸರು ಬೇಕೆಂಬ ಆಸೆಯನ್ನು ಮಾತ್ರ ಸಮಿತಿ ಎಂದೋ ಕೈಬಿಟ್ಟಿತ್ತು.

ಇದೆಲ್ಲಕ್ಕಿಂತ ಗಟ್ಟಿಯಾದ ಪದ್ಧತಿ ಇನ್ನೊಂದಿತ್ತು. ಹಳೆಯ ಹಡಗಿನ ಹೆಸರು ಹೊಸದಕ್ಕೆ ಬೇಕಾದರೆ ತೆಗೆದುಕೊಳ್ಳುವಂತಿಲ್ಲ, ಕೇಳಿ ಪಡೆಯಬೇಕು. ಹಳೆಯ ಹಡಗಿನಲ್ಲಿ ದುಡಿದವರೊಬ್ಬರ ಮನೆಗೆ ಅಧ್ಯಕ್ಷರೂ ಗುಮಾಸ್ತೆಯೂ ಹೋಗಿ, ಟೋಪಿ ತೆಗೆದು, "ಹೆಸರು ಕೊಡ್ತೀರಾ?" ಎನ್ನಬೇಕು. ಅವರು "ಕೊಟ್ಟೆ" ಎಂದರೆ ಮುಗಿಯಿತು. ಕೊಡುವವರು ಯಾರೂ ಬದುಕಿಲ್ಲದಿದ್ದರೆ ಆ ಹೆಸರು ಮಲಗಿತೆಂದು ಅರ್ಥ, ಅದನ್ನು ಎಬ್ಬಿಸುವಂತಿಲ್ಲ. ಮತ್ತೆ, ಒಂದು ಹೆಸರು ಒಂದೇ ಕಾಲಕ್ಕೆ ಇಬ್ಬರ ಹತ್ತಿರ ಇರಕೂಡದು.

ಆ ಸಲ ಗಸ್ತು ನೌಕೆಗಳ ಹೊಸ ಸಾಲಿಗೆ ಹದ್ದು, ಗಿಡುಗ, ಡೇಗೆ ಎಲ್ಲ ಆಗಿ ಒಂದು ನೌಕೆ ಹೆಸರಿಲ್ಲದೆ ಉಳಿದಿತ್ತು. ಗುಮಾಸ್ತೆಯೂ ಒಂದು ಹೆಸರು ಸೂಚಿಸಬಹುದೆಂಬ ನಿಯಮವಿತ್ತು. ಈವರೆಗೆ ಯಾವ ಗುಮಾಸ್ತರೂ ಬಾಯಿ ಬಿಟ್ಟಿರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡು, "ಗೀಜಗ," ಎಂದಳು.

ಕಮಾಂಡರ್ ನಕ್ಕರು. "ಗಿಡುಗ, ಡೇಗೆ ಮಧ್ಯೆ ಗೀಜಗಾನಾ? ಶತ್ರು ಹೆದರ್ತಾನೇನಮ್ಮ?"

"ಶತ್ರು ವಿಷ್ಯ ಗೊತ್ತಿಲ್ಲ ಸಾರ್. ಮಾಳಿಗೆ ಮೇಲೆ ಕೂತಿದ್ದೋರಿಗೆ ಧೈರ್ಯ ಬಂದಿತ್ತು," ಎಂದು ಪ್ರವಾಹದ ಕಥೆ ಹೇಳಿದಳು. ಆ ಹಸುಗೂಸು ತಾನೇ ಎಂಬುದನ್ನು ಮಾತ್ರ ನುಂಗಿಕೊಂಡಳು. ಅದನ್ನು ಹೇಳಿದರೆ ಹೆಸರಿಡದ ಸಂಗತಿಯನ್ನೂ ಹೇಳಬೇಕಾಗುತ್ತಿತ್ತು.

ಅಡ್ಮಿರಲ್ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವರು ಕೇಳಿದ್ದು ಒಂದೇ. "ಕೊಡೋರು ಯಾರಾದ್ರೂ ಇದಾರಾ ಇವರೇ?"

ಹುಡುಕಿಸಿದರೆ ಒಬ್ಬ ಸಿಕ್ಕಿದ. ಗೀಜಗದ ಎಂಜಿನ್ ಕೋಣೆಯಲ್ಲಿ ದುಡಿದವನು. ಆ ಕಾಲದಲ್ಲಿ ಎಲ್ಲರ ಬಾಯಲ್ಲಿ ಮಸಿಯಣ್ಣ, ಈಗ ಮಸಿಯಜ್ಜ. ಕ್ಯಾಪ್ಟನ್, ಅಡಿಗೆಯವನು, ಮಿಕ್ಕವರು ಎಲ್ಲ ಹೋಗಿದ್ದರು.

"ನಾನೂ ಬರ್ತೀನಿ," ಎಂದಳು ಅಮ್ಮ. "ಮೂಲೇಲಿ ಕೂತಿರ್ತೀನಿ. ಬಟ್ಟೆ ಒಣಗಿಸಿ ಕೊಟ್ಟೋರಿಗೆ ಒಂದು ಉಪಕಾರ ಆಯ್ತು ಅಂತ ಹೇಳದೆ ಸತ್ರೆ ನನಗೆ ನಿದ್ದೆ ಬರಲ್ಲ."

"ಸತ್ತ ಮೇಲೆ ಎಲ್ಲರಿಗೂ ಬರುತ್ತಮ್ಮ ನಿದ್ದೆ."

"ನಿನ್ನ ಬಾಯಿಗಿಷ್ಟು. ಹೆಸರಿಡೋ ವಿಷ್ಯ ಮಾತ್ರ ಅಲ್ಲಿ ಎತ್ತಬೇಡ. ಯಾವ ಮುಖ ಇಟ್ಕೊಂಡು ನೋಡಲಿ ಅವರನ್ನ?"

ಸೈಕಲ್ ರಿಪೇರಿ ಅಂಗಡಿಯ ಮೇಲೆ ಮಸಿಯಜ್ಜನ ಒಂದೇ ಕೋಣೆ. ಮೆಟ್ಟಿಲು ಕಡಿದಾಗಿತ್ತು, ಅಡ್ಮಿರಲ್ ನಡುವೆ ನಿಂತು ಉಸಿರು ತೆಗೆದುಕೊಂಡರು. ಒಳಗೆ ಗೋಡೆಯ ಮೇಲೆ ಸ್ಪ್ಯಾನರುಗಳು ಗಾತ್ರದ ಪ್ರಕಾರ ತೂಗುತ್ತಿದ್ದವು, ಒಂದಕ್ಕೂ ತುಕ್ಕಿಲ್ಲ. ಮಸಿಯಜ್ಜ ಹೆಗಲ ಟವೆಲಿನಿಂದ ಕುರ್ಚಿ ಒರೆಸಿದ, ಮತ್ತೊಮ್ಮೆ ಒರೆಸಿದ, ಸ್ಟೂಲೊಂದನ್ನು ಅಮ್ಮನತ್ತ ಸರಿಸಿದ. ಯಾರು ಎಂದು ಕೇಳಲಿಲ್ಲ. ಮಗಳು ಗೋಡೆಗೊರಗಿ ನಿಂತಳು.

ಅಡ್ಮಿರಲ್ ಟೋಪಿ ತೆಗೆದು ಎದೆಗೆ ಹಿಡಿದರು. "ಯಜಮಾನ್ರೇ, ಹೊಸ ಗಸ್ತು ನೌಕೆ ಒಂದು ನೀರಿಗಿಳೀತಾ ಇದೆ. ನಿಮ್ಮ ಹಡಗಿನ ಹೆಸರು ಕೊಡ್ತೀರಾ?"

"ತೋಪು ಇರುತ್ತಾ ಅದಕ್ಕೆ?"

"ಎರಡಿದಾವೆ."

"ನಮ್ಮದಕ್ಕೆ ಇದ್ದಿದ್ದು ಒಂದು ಕೊಕ್ಕೆ, ಒಂದು ಹಗ್ಗ," ಎಂದು ಮಸಿಯಜ್ಜ ಬಾಯಿ ತುಂಬ ನಕ್ಕ. "ತೋಪಿನ ಹಡಗಿನೋರು ನಮ್ಮನ್ನ ಕಂಡ್ರೆ, ಏನ್ರೋ ಗೂಡು ಕಟ್ಟಿದ್ದಾಯ್ತಾ, ಮೊಟ್ಟೆ ಎಷ್ಟು ಇಟ್ರಿ ಅಂತ ಕಾಡೋರು. ಈಗ ಎರಡು ತೋಪಿಟ್ಕೊಂಡು ಗೀಜಗ. ನಮ್ಮೋರು ಇರಬೇಕಿತ್ತು ಸಾರ್ ಇದನ್ನ ಕೇಳಕ್ಕೆ." ಟವೆಲಿನಿಂದ ಕಣ್ಣೊರೆಸಿಕೊಂಡ. "ಆದ್ರೆ ಕೊಡಕ್ಕಾಗಲ್ಲ."

"ಯಾಕೆ?"

"ಅದು ನಮ್ಮ ಹತ್ರ ಇಲ್ಲ. ಆಗಲೇ ಕೊಟ್ಟಾಗಿದೆ, ಒಂದು ಮಗೂಗೆ."

ಮೂಲೆಯಲ್ಲಿ ಅಮ್ಮನ ಬೆನ್ನು ನೆಟ್ಟಗಾಯಿತು.

ಮಸಿಯಜ್ಜ ಪ್ರವಾಹದ ಕಥೆಯನ್ನು ತನ್ನ ಕಡೆಯಿಂದ ಹೇಳಿದ. ಕಟ್ಟೆಯ ಮೇಲೆ ಆ ತಾಯಿ ಮಾತು ಕೊಟ್ಟ ಸಂಜೆ ಕ್ಯಾಪ್ಟನ್ ಎಲ್ಲರನ್ನೂ ಕರೆದು, ಕೇಳ್ರಪ್ಪ, ನಮ್ಮ ಹೆಸರು ದಡ ಹತ್ತಿತು ಎಂದಿದ್ದರು. "ಆಮೇಲೆ ವರ್ಷವರ್ಷಾನೂ ನಾವು ಸೇರ್ದಾಗೆಲ್ಲ ಅವಳದೇ ಮಾತು. ಈ ವರ್ಷ ಹಲ್ಲು ಬಿದ್ದಿರ್ತಾವೆ. ಈ ವರ್ಷ ಸೈಕಲ್ ಕಲಿತಿರ್ತಾಳೆ. ಅಡಿಗೆಯವನಿಗೆ ಅವಳು ಡಾಕ್ಟರೇ ಆಗಬೇಕು. ನಾನು ಬೇಡಪ್ಪಾ, ಮೇಷ್ಟ್ರಾಗಲಿ ಅಂತ. ಅದಕ್ಕೆ ಅವನು ನನ್ನ ಜೊತೆ ಮಾತು ಬಿಟ್ಟಿದ್ದ ಕೆಲವು ದಿನ. ಹಡಗನ್ನ ಗುಜರಿಗೆ ಹಾಕಿ ಕಡಿದ್ರಲ್ಲ, ಅವತ್ತು ನಾವು ಯಾರೂ ಅಳಲಿಲ್ಲ ಸಾರ್. ಹೆಸರು ಎಲ್ಲೋ ಒಂದು ಬೀದೀಲಿ ಎರಡು ಜಡೆ ಹಾಕ್ಕೊಂಡು ಓಡಾಡ್ತಾ ಇದೆಯಲ್ಲ ಅಂತ." ಅವನು ಅಡ್ಮಿರಲ್ಲರನ್ನು ನೋಡಿದ. "ಒಂದು ಹೆಸರು ಇಬ್ಬರ ಹತ್ರ ಇರಬಾರದು. ನಿಮ್ಮದೇ ನಿಯಮ ಅಲ್ವಾ?"

"ನಮ್ಮದೇ," ಎಂದರು ಅಡ್ಮಿರಲ್.

"ಅವಳು ಬಂದು ಕೊಟ್ರೆ ತಗೊಳ್ಳಿ. ನಾನು ಕೊಡೋದಲ್ಲ."

ಮಗಳ ತಲೆಯಲ್ಲಿ ಲೆಕ್ಕ ಓಡಿತು. ಎಷ್ಟು ಸುಲಭ. ಆ ಮಗು ನಾನೇ, ನನ್ನ ಹೆಸರು ಗೀಜಗ, ಕೊಟ್ಟೆ ಎಂದುಬಿಟ್ಟರೆ ಸಾಕು. ಅಡ್ಮಿರಲ್ಲರಿಗೆ ಅವಳ ಹೆಸರು ನೆನಪಿದ್ದರೆ ತಾನೆ ತಕರಾರು. ನೌಕೆಗೆ ಹೆಸರು ಸಿಗುತ್ತದೆ, ಮುದುಕನಿಗೆ ಮಗು ಸಿಗುತ್ತದೆ, ಅಮ್ಮನ ಮಾನ ಉಳಿಯುತ್ತದೆ. ನಿಜ ಹೇಳಿದರೆ ನೌಕೆಗೇನೋ ಹೆಸರು ಬಂದೀತು, ಈ ಕೋಣೆಯಲ್ಲಿ ಎರಡು ಜಡೆಯ ಹುಡುಗಿ ಇರುವುದಿಲ್ಲ.

"ಅಜ್ಜ," ಎಂದಳು. "ಆ ಮಗು ನಾನೇ."

ಮಸಿಯಜ್ಜ ಎದ್ದ. ಹತ್ತಿರ ಬಂದು, ಎಂಜಿನ್ನೊಂದರ ಸದ್ದು ಆಲಿಸುವವನಂತೆ ತಲೆ ವಾಲಿಸಿ ಅವಳ ಮುಖ ನೋಡಿದ. "ಗೀಜಗಮ್ಮ?" ಎಂದ, ಮೆಲ್ಲಗೆ.

ಹ್ಞೂಂ ಎನ್ನಲು ಅವಳು ಬಾಯಿ ತೆರೆದಳು. ಅವನ ಕಣ್ಣು ತಪ್ಪಿಸಿ ಅಮ್ಮನತ್ತ ತಿರುಗಿದಳು.

"ಮಗು ಇವಳೇ," ಎಂದಳು ಅಮ್ಮ ಮೂಲೆಯಿಂದ. "ಹೆಸರು ಅದಲ್ಲಣ್ಣ."

ಅತ್ತೆ ಒಪ್ಪದ್ದನ್ನು, ತಾನು ಸುಮ್ಮನಾದದ್ದನ್ನು ಅಮ್ಮ ನೆಲ ನೋಡುತ್ತ ಹೇಳಿದಳು. ಇಟ್ಟ ಹೆಸರನ್ನೂ ಹೇಳಿದಳು. ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸುತ್ತಿದ್ದರು. ಮಸಿಯಜ್ಜ ಸ್ಟವ್ ಹತ್ತಿಸಿ ಟೀಗೆ ನೀರಿಟ್ಟ. ಅವರ ಕಡೆ ಬೆನ್ನು ಮಾಡಿಯೇ ಕೇಳಿದ.

"ಎರಡು ಜಡೆ ಆದ್ರೂ ಇತ್ತಾ?"

"ಇತ್ತಣ್ಣ. ರಿಬ್ಬನ್ ಸಮೇತ."

"ಏನ್ ಓದಿದಾಳೆ?"

"ಬಿಕಾಂ."

"ಡಾಕ್ಟರೂ ಅಲ್ಲ, ಮೇಷ್ಟ್ರೂ ಅಲ್ಲ. ಅವನೂ ಸೋತ, ನಾನೂ ಸೋತೆ." ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಅದರ ಜೊತೆ ಸ್ವಲ್ಪ ಹೊತ್ತು ಗುದ್ದಾಡಿದ. "ನಿಮ್ಮತ್ತೆ ಇದಾರಾ?"

"ಹೋದ್ರು."

"ಇದ್ದಿದ್ರೆ ಒಂದು ಮಾತು ಕೇಳ್ತಿದ್ದೆ."

ಅಮ್ಮ ಸ್ಟೂಲಿನಿಂದೆದ್ದು ಅವನ ಕೈಯಿಂದ ಡಬ್ಬಿ ತೆಗೆದುಕೊಂಡು, ಸೆರಗಿನಲ್ಲಿ ಹಿಡಿದು ತಿರುಗಿಸಿ ಮುಚ್ಚಳ ತೆಗೆದಳು. "ನೀವು ಕೆಳಗಿಂದ ತರ್ತಿದ್ದ ಬಟ್ಟೆ ಬಿಸಿಬಿಸಿ ಇರ್ತಿತ್ತು," ಎಂದಳು. "ಸುತ್ತಿದ ಕೂಡಲೇ ಇವಳು ಅಳು ನಿಲ್ಲಿಸಿ ಮಲಗೋಳು. ಆಮೇಲೆ ಎಷ್ಟು ಮನೆ ಬದಲಾಯಿಸಿದ್ವಿ, ಎಷ್ಟು ಚಳಿಗಾಲ ಕಳೆದ್ವಿ. ಅಷ್ಟು ಬೆಚ್ಚಗೆ ನನ್ನ ಮಗೂನ ಯಾರೂ ನೋಡ್ಕೊಳ್ಳಲಿಲ್ಲ. ಅದನ್ನ ಹೇಳಕ್ಕೇ ಬಂದೆ. ಹೆಸರಿಡ್ಲಿಲ್ಲ, ಆದ್ರೆ ಮರೀಲೂ ಇಲ್ಲ ಅಣ್ಣ."

ಮಸಿಯಜ್ಜ ಟೀ ಸೋಸಿದ. ಅಡ್ಮಿರಲ್ಲರಿಗೊಂದು, ಅಮ್ಮನಿಗೊಂದು ಲೋಟ ಕೊಟ್ಟ. ಮಗಳ ಲೋಟವನ್ನು ಕೊಡುವ ಮೊದಲು ಹೊರಗಡೆ ಹರಿದಿದ್ದ ಟೀಯನ್ನು ಟವೆಲಿನ ತುದಿಯಿಂದ ಒರೆಸಿದ.

"ಉಪಕಾರ ಆಯ್ತು ಅಂತ ನಾವೇ ನಿಮಗೆ ಹೇಳಬೇಕಮ್ಮ," ಎಂದ. "ಹಗ್ಗ ಎಳೆಯೋರನ್ನ ಯಾರು ನೆನಸ್ಕೋತಾರೆ? ಇಡ್ತೀನಿ ಅಂತ ನೀವು ಒಂದು ಮಾತು ಅಂದ್ರಲ್ಲ, ಅದರ ಮೇಲೇ ನಮ್ಮೋರೆಲ್ಲ ಇಷ್ಟು ವರ್ಷ ಖುಷಿಯಾಗಿದ್ರು. ಕ್ಯಾಪ್ಟನ್ ಸಾಹೇಬ್ರು ಕೊನೆಗಾಲದಲ್ಲೂ ಕೇಳಿದ್ರು, ಹುಡುಗಿ ಹೇಗಿದಾಳೋ ಅಂತ. ಚೆನ್ನಾಗಿದಾಳೆ ಸಾರ್ ಅಂದೆ." ಮಗಳ ಕಡೆ ನೋಡಿದ. "ಅದೇನೂ ಸುಳ್ಳಾಗಲಿಲ್ಲ."

ಮಗಳಿಗೆ ಲೋಟ ಹಿಡಿದ ಕೈ ಸುಡುತ್ತಿತ್ತು, ಕೆಳಗಿಡಲಿಲ್ಲ. ಹುಟ್ಟಿದ ಹೊಸತರಲ್ಲಿ ಇಷ್ಟು ಮಂದಿ ಗಂಡಸರು ತನ್ನ ಬಟ್ಟೆ ಮಡಚಿದ್ದರು, ತನ್ನ ಹಲ್ಲು ಬಿದ್ದೀತೆಂದು ಎಣಿಸಿದ್ದರು, ತಾನು ಏನಾಗಬೇಕೆಂದು ಜಗಳವಾಡಿದ್ದರು. ತಾನು ಮಾತ್ರ ಅವರ ಮುಖವನ್ನೇ ಕಂಡಿರಲಿಲ್ಲ. ಏನಾದರೂ ಹೇಳಬೇಕೆನಿಸಿ, "ಟೀ ಚೆನ್ನಾಗಿದೆ ಅಜ್ಜ," ಎಂದಳು.

"ಸಕ್ಕರೆ ಹಾಕಕ್ಕೆ ಮರ್ತೆ," ಎಂದ ಮಸಿಯಜ್ಜ.

ಆಮೇಲೆ ಅವನು ಅಡ್ಮಿರಲ್ಲರತ್ತ ತಿರುಗಿದ. "ಹಾಗಾದ್ರೆ ಹೆಸರು ಇಷ್ಟು ದಿನ ಖಾಲಿ ಕೂತಿದೆ ಸಾರ್. ತಗೊಳ್ಳಿ. ಕೊಟ್ಟೆ."

ಅಡ್ಮಿರಲ್ ಟೋಪಿಯನ್ನು ಮತ್ತೆ ಹಾಕಿಕೊಂಡು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಮೊದಲು ಮಸಿಯಜ್ಜನಿಗೆ, ಆಮೇಲೆ ಅಮ್ಮನಿಗೆ. ಅಮ್ಮನಿಗೆ ಏನು ಮಾಡಬೇಕೋ ತೋಚದೆ, ಸಕ್ಕರೆ ಡಬ್ಬಿ ಹಿಡಿದುಕೊಂಡೇ ಕೈ ಎತ್ತಿದಳು.

ನೌಕೆ ನೀರಿಗಿಳಿದ ದಿನ ಮಸಿಯಜ್ಜನೂ ಅಮ್ಮನೂ ಮುಂದಿನ ಸಾಲಿನಲ್ಲಿ ಕೂತರು. ಎರಡು ತೋಪಿನ ಗಸ್ತು ನೌಕೆಗೆ ಗೀಜಗ ಎಂದು ಹೆಸರಾಯಿತು. ಮಗುವಿಗೆ ಆಗಿರಲಿಲ್ಲ. ಅಮ್ಮ ಕ್ಯಾಪ್ಟನ್‌ಗೆ ಕೊಟ್ಟ ಮಾತು ನಡೆಯಲಿಲ್ಲ.