ರುಖಿಯಮ್ಮನಿಗೆ ಹುಷಾರಿಲ್ಲದ ದಿನ

ಜಸೀಲಾ ಇನ್ನೊಂದು ಚಾಪೆ ತಂದು ಕೊಡವಿ ಹಾಸುವಷ್ಟರಲ್ಲಿ ಅತ್ತೆ ರುಖಿಯಮ್ಮನ ಮಯ್ಯಿತ್ತನ್ನು ಹೊತ್ತ ಗಂಡಸರು ಗೇಟು ದಾಟಿ ಮಸೀದಿಯ ದಾರಿ ಹಿಡಿದಿದ್ದರು. ಅವರ ಪ್ರಾರ್ಥನೆಯ ದನಿ ಶಿರ್ತಾಡಿ ಬಸ್ಸಿನ ಹಾರ್ನಿನಲ್ಲಿ ಕೇಳಿಸದೇ ಹೋಯಿತು. ಇನ್ನು ಮನೆಯಲ್ಲಿ ಉಳಿದವರು ಹೆಂಗಸರು. ಚಾವಡಿ ತುಂಬ ಜನ, ಒಂದು ಮಾತಿಲ್ಲ.

ಅಳುವಷ್ಟು ಅತ್ತಾಗಿತ್ತು. ಕುರ್‌ಆನಿನ ಯಾಸೀನ್ ಓದುವವರು ಓದಿ ಮುಗಿಸಿದ್ದರು. ಗೋಡೆಗೆ ಬೆನ್ನು ಕೊಟ್ಟು ಕೂತವರಲ್ಲಿ ಒಬ್ಬರಿಗೆ ಇನ್ನೊಬ್ಬರ ಗುರುತಿಲ್ಲ. ಬಂಟ್ವಾಳದವರು ಫ್ಯಾನು ನೋಡುತ್ತಿದ್ದರು, ಶಿರ್ತಾಡಿಯವರು ತಮ್ಮ ಕಾಲಬೆರಳು ನೋಡುತ್ತಿದ್ದರು. ಇಷ್ಟು ಹೆಂಗಸರು ಇಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಕಂಡಿದ್ದರೆ ರುಖಿಯಮ್ಮ, ಯಾ ಅಲ್ಲಾಹ್, ಅರ್ಧ ದಾರಿಯಿಂದ ಎದ್ದು ಬಂದುಬಿಡುತ್ತಿದ್ದರೋ ಏನೋ!

ಅತ್ತೆ ಮಾಡುತ್ತಿದ್ದ ಕೆಲಸವನ್ನು ಇವತ್ತು ತಾನಾದರೂ ಮಾಡಬೇಕು ಎಂದು ಜಸೀಲಾಳಿಗೆ ಅನ್ನಿಸಿತು. ಒಂದೇ ಚಾಪೆಯ ಎರಡು ತುದಿಯಲ್ಲಿ ಇಬ್ಬರು ಜೈನ ಹೆಂಗಸರು ಕೂತಿದ್ದರು.

"ಇವರು ಮನೋರಮಕ್ಕ, ಅಳದಂಗಡಿಯವರು. ಇವಳು ಸಾಧನಾ, ಮಿಜಾರಿನ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡ್ತಾಳೆ."

ಇಬ್ಬರೂ ತಲೆಯಾಡಿಸಿದರು, ತುಸು ನಕ್ಕರು. ಅಲ್ಲಿಗೆ ಮುಗಿಯಿತು. ಕ್ಲಾಸಿನಲ್ಲಿ ಹಾಜರಿ ಕರೆದ ಹಾಗಾಯಿತು.

*

ರುಖಿಯಮ್ಮ ಮೊದಲು ಅಳದಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದರು. ಅಳತೆ ಕೊಡಲು ಬಂದವರು, ಹೊಲಿದದ್ದನ್ನು ಒಯ್ಯಲು ಬಂದವರು ಅವರ ಜಗಲಿಯಲ್ಲಿ ಕಾಯಬೇಕಿತ್ತು. ಕಾದು ಬೇಸರವಾಗಿ ಎದ್ದು ಹೋಗಬಾರದಲ್ಲ, ಅದಕ್ಕೆ ಅವರನ್ನು ಒಬ್ಬರಿಗೊಬ್ಬರು ಗಂಟು ಹಾಕುತ್ತಿದ್ದರು. ಅದರಲ್ಲಿ ಅವರದ್ದೇ ಒಂದು ಕ್ರಮ. ಯಾವ ಊರು, ಗಂಡನಿಗೆ ಎಲ್ಲಿ ಕೆಲಸ, ಇದೆಲ್ಲ ಅವರಿಗೆ ಬೇಡ. ಒಬ್ಬರ ತಾಪತ್ರಯವನ್ನು ತೆಗೆದು ಇನ್ನೊಬ್ಬರ ಮಡಿಲಿಗೆ ಹಾಕಿಬಿಡುವುದು.

"ಇವರಿಗೆ ಮಂಡಿನೋವು ಮಾರಾಯ್ತಿ. ನಿನ್ನ ತಂಗಿಗೂ ಇತ್ತಲ್ಲ, ಎಂತ ಎಣ್ಣೆ ಹಚ್ಚಿದ್ದು? ಹೇಳು ನೋಡುವ!"

ಅಷ್ಟು ಹೇಳಿ ತಾವು ಮತ್ತೆ ಮಿಶನ್ ತುಳಿಯುತ್ತಿದ್ದರು. ಹೆಂಗಸರು ರವಿಕೆ ಮರೆತು ಮಧ್ಯಾಹ್ನದವರೆಗೆ ಮಾತಾಡುತ್ತಿದ್ದರು.

ಮಗ ಅಸ್ಕರ್‌ನ ಜೊತೆ ಮೂಡುಬಿದಿರೆಗೆ ಬಂದ ಮೇಲೆ ಮಿಶನ್ ನಿಂತಿತು, ಚಟ ನಿಲ್ಲಲಿಲ್ಲ. ಕಳೆದ ಹಬ್ಬದ ಸಂಜೆ, ಆಗ ಇದ್ದ ಬಾಡಿಗೆ ಮನೆಗೆ ಸಾಧನಾ ಬಂದಿದ್ದಳು. ನೆರೆಮನೆಯ ರಿಫಾಳೂ ಬಂದಿದ್ದಳು. ಇಬ್ಬರೂ ಶರಬತ್ತಿನ ಗ್ಲಾಸು ಹಿಡಿದು ಒಂದೊಂದು ಮೂಲೆಯಲ್ಲಿ ಕೂತದ್ದು ರುಖಿಯಮ್ಮನ ಕಣ್ಣಿಗೆ ಬಿತ್ತು. ಸಾಧನಾಳ ಕೈ ಹಿಡಿದು ಎಳೆದುಕೊಂಡೇ ಹೋದರು.

"ರಿಫಾ, ಇವಳಿಗೆ ಮದುವೆಯಾಗಿ ಆರು ವರ್ಷ ಆಯ್ತು. ಮಕ್ಕಳಾಗ್ಲಿಲ್ಲ, ಪಾಪ. ನಿನಗೂ ತಡ ಆದದ್ದಲ್ವಾ? ಯಾವ ಡಾಕ್ಟರ್ ಹತ್ರ ಹೋದದ್ದು, ಸ್ವಲ್ಪ ಹೇಳು."

ಇಡೀ ಚಾವಡಿ ಇತ್ತ ತಿರುಗಿತು. ಸಾಧನಾ ಸ್ಟಾಫ್ ರೂಮಿನಲ್ಲಿ ಗುಟ್ಟಾಗಿ ಹೇಳಿಕೊಂಡ ಸಂಗತಿ ಅದು. ಜಸೀಲಾ ಮನೆಗೆ ಬಂದು ಅತ್ತೆಯ ಹತ್ತಿರ ಬಾಯಿ ಬಿಟ್ಟಿದ್ದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಆಮೇಲೆ ಆ ವಿಷಯವನ್ನು ಅವಳೂ ಎತ್ತಲಿಲ್ಲ, ಸಾಧನಾಳೂ ಎತ್ತಲಿಲ್ಲ.

*

"ಈ ಹೊಸ ಮನೆ ಒಕ್ಕಲಿನ ದಿನವೇ ಅವರಿಗೆ ಹುಷಾರಿಲ್ಲ ಅಂದಿದ್ದೆ ಅಲ್ವಾ ನೀನು?" ಮನೋರಮಕ್ಕ ಇದ್ದಕ್ಕಿದ್ದಂತೆ ಕೇಳಿದರು. "ರುಖಿಯಮ್ಮ ಎಲ್ಲಿ ಅಂತ ನಾನು ಕೇಳಿದೆ. ಮಲಗಿದ್ದಾರೆ, ಎಬ್ಬಿಸುವುದು ಬೇಡ ಅಂದೆ ನೀನು. ಆವತ್ತೇ ಶುರುವಾಗಿತ್ತು ಕಾಣ್ತದೆ."

ಜಸೀಲಾ ಚಾಪೆಯ ಮಡಿಸಿದ ಅಂಚನ್ನು ಸರಿಮಾಡಿದಳು.

"ಹೌದಾ? ಎರಡು ತಿಂಗಳ ಮೊದಲೇ?" ಎಂದರು ಬಂಟ್ವಾಳದವರೊಬ್ಬರು. "ಹಾರ್ಟ್ ಎಟಾಕ್ ಅಂದ್ರೆ ಹಾಗೆಯೇ. ನನ್ನ ದೊಡ್ಡಮ್ಮ ಸುಸ್ತು ಸುಸ್ತು ಅಂತ ಮಲಗಿದ್ದು. ನಾವು ಗ್ಯಾಸ್ಟ್ರಿಕ್ ಅಂತ ಬಿಟ್ಟೆವು."

"ಅಯ್ಯೋ, ನಮ್ಮ ಭಾವನಿಗೂ ಅದೇ!" ಶಿರ್ತಾಡಿಯವರು ಚಾಪೆ ಸಮೇತ ಹತ್ತಿರ ಸರಿದರು. "ನಿಮಗೆ ಯಾವ ಊರು?"

ಚಾವಡಿಗೆ ಜೀವ ಬಂತು. ಒಬ್ಬರ ಸಂಕಟ ಇನ್ನೊಬ್ಬರಿಗೆ ಸಿಕ್ಕಿತು. ತಾನು ಆವತ್ತು ಹೇಳಿದ ಒಂದು ಸುಳ್ಳು ಇವರನ್ನೆಲ್ಲ ಪರಿಚಯ ಮಾಡಿಸುತ್ತಿದೆಯಲ್ಲ ಎಂದು ಅನ್ನಿಸಿ ಜಸೀಲಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಕೋಣೆಗೆ ಹೋದಳು.

ಸಾಧನಾ ಹಿಂದೆಯೇ ಬಂದಳು. ರಿಫಾ ಅಲ್ಲಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು.

"ಒಕ್ಕಲಿನ ದಿನ ನಾನೂ ರಿಫಾಳೂ ಬಂದದ್ದೇ ಅವರನ್ನು ನೋಡ್ಲಿಕ್ಕೆ," ಎಂದಳು ಸಾಧನಾ. "ಸಿಗಲೇ ಇಲ್ಲ."

"ನೀವಿಬ್ಬರೂ?"

"ಹಬ್ಬದ ದಿನದಿಂದ ಸ್ನೇಹ ಅಲ್ವಾ? ಡಾಕ್ಟರ್ ಹತ್ರ ಇವಳದ್ದೇ ಸ್ಕೂಟರಿನಲ್ಲಿ ಹೋಗುವುದು. ಮಗು ಆಗ್ಲಿಲ್ಲ, ಆಗ್ತದಾ ಗೊತ್ತಿಲ್ಲ. ಆದ್ರೆ ಎದುರು ಕೂತು ಅಳ್ಲಿಕ್ಕೆ ಒಬ್ಬಳು ಸಿಕ್ಕಿದಳು."

"ನಿನಗೆ ಸಿಟ್ಟು ಬಂದಿದೆ ಅಂತ ನಾನು..."

"ಬಂದಿತ್ತು. ಸುಳ್ಳು ಯಾಕೆ ಹೇಳ್ಲಿ? ಎರಡು ದಿನ ಇತ್ತು. ಊರೆಲ್ಲ ಹಿಂದಿನಿಂದ ಮಾತಾಡ್ತಿತ್ತು, ಎದುರು ಹೇಳಿದ್ದು ಅವರೊಬ್ಬರೇ."

ರಿಫಾ ಕೊಟ್ಟ ಚಹಾ ಜಸೀಲಾಳ ಕೈಯಲ್ಲೇ ಆರಿತು.

*

ಮನೆ ಒಕ್ಕಲಿನ ಬೆಳಗ್ಗೆ ರುಖಿಯಮ್ಮ ಎಲ್ಲರಿಗಿಂತ ಮೊದಲು ಹೊಸ ಸೀರೆಯುಟ್ಟು ತಯಾರಾಗಿದ್ದರು.

"ಮಾಮಿ, ಇವತ್ತು ಕಾಲೇಜಿನವರೆಲ್ಲ ಬರ್ತಾರೆ. ನೀವು ರೂಮಲ್ಲೇ ಇದ್ದುಬಿಡಿ. ಊಟ ಅಲ್ಲಿಗೇ ತರ್ತೇನೆ."

ರುಖಿಯಮ್ಮ ಸೊಸೆಯ ಮುಖ ನೋಡಿದರು. "ನಾನು ಎಂತದ್ದೂ ಮಾತಾಡುವುದಿಲ್ಲ ಮಗಳೇ. ಸುಮ್ಮನೆ ಕೂತಿರ್ತೇನೆ."

"ಸುಮ್ಮನೆ ಕೂರ್ಲಿಕ್ಕೆ ನಿಮ್ಮಿಂದ ಆಗ್ತದಾ ಮಾಮಿ?"

ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನಕ್ಕರು. ಒಳಗೆ ಹೋದರು. ಜಸೀಲಾಳೇ ಒಂದು ಕುರ್ಚಿ ಒಯ್ದು ಕಿಟಕಿಯ ಹತ್ತಿರ ಇಟ್ಟು, ಬಾಗಿಲು ಎಳೆದುಕೊಂಡು ಬಂದಳು.

ಕೇಳಿದ ಹೆಂಗಸರಿಗೆಲ್ಲ, ಹುಷಾರಿಲ್ಲ, ಮಲಗಿದ್ದಾರೆ ಎಂದಳು. ಶಾಮಿಯಾನದಲ್ಲಿ ಗಂಡಸರಿಗೆ ಬಡಿಸುತ್ತಿದ್ದ ಅಸ್ಕರ್, "ಉಮ್ಮ ಎಲ್ಲಿ?" ಎಂದಾಗ, ಹೆಂಗಸರ ಜೊತೆ ಇದ್ದಾರೆ ಎಂದಳು. ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು. ಬಿರಿಯಾನಿಯ ಬಟ್ಟಲು ಒಯ್ದಾಗ ರುಖಿಯಮ್ಮ ಕೇಳಿದ್ದು ಒಂದೇ: "ಸಾಧನಾ ಬಂದಿದ್ದಾಳಾ? ರಿಫಾಳನ್ನು ಅವಳ ಹತ್ರವೇ ಕೂರಿಸು, ಆಯ್ತಾ?"

ಆಮೇಲಿನ ದಿನಗಳಲ್ಲಿ ಮತ್ತೆ ಹೇಳುವ ಅಗತ್ಯವೇ ಬೀಳಲಿಲ್ಲ. ಗೇಟಿನ ಸದ್ದಾದರೆ ಸಾಕು, ರುಖಿಯಮ್ಮ ತಾವಾಗಿಯೇ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇದು ಸರಿಯಲ್ಲ ಎಂದು ಜಸೀಲಾಳಿಗೆ ಒಂದೆರಡು ಸಲ ಅನ್ನಿಸಿದ್ದುಂಟು. ಕರೆಯಲಿಲ್ಲ. ಅಸ್ಕರ್ ಬಂಟ್ವಾಳದ ಟೈಲ್ಸ್ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಬಂದವರು ಹೋಗಿರುತ್ತಿದ್ದರು.

*

ದಫನ ಮುಗಿಸಿ ಬಂದ ಅಸ್ಕರ್‌ನ ಅಂಗೈಯಲ್ಲಿ ಇನ್ನೂ ಮಣ್ಣಿತ್ತು. ಮನೋರಮಕ್ಕ ಮೆಟ್ಟಿಲಲ್ಲೇ ಅವನ ಭುಜ ಮುಟ್ಟಿ ಸಮಾಧಾನ ಹೇಳಿದರು. ಮನೆ ಒಕ್ಕಲಿನ ದಿನವೇ ಡಾಕ್ಟರಿಗೆ ತೋರಿಸಿದ್ದರೆ ಆಗುತ್ತಿತ್ತು ಮಗಾ, ಇರಲಿ, ದೇವರ ಇಚ್ಛೆ ಎಂದರು. ಅವನು ನೇರ ಬಂದು ಜಸೀಲಾಳನ್ನು ಉಮ್ಮನ ಕೋಣೆಗೆ ಕರೆದ.

ಬಾಗಿಲು ಅರ್ಧ ತೆರೆದು ಏನಕ್ಕೋ ತಾಗಿ ನಿಂತಿತು. ಇಬ್ಬರೂ ಓರೆಯಾಗಿ ನುಸುಳಿದರು.

"ಉಮ್ಮನಿಗೆ ಆವತ್ತೇ ಹುಷಾರಿರಲಿಲ್ಲವಾ? ನನ್ನ ಹತ್ರ ಯಾಕೆ ಹೇಳ್ಲಿಲ್ಲ? ಆಗಲೇ ಕರ್ಕೊಂಡು ಹೋಗಿದ್ರೆ ಬದುಕ್ತಿದ್ರು ಜಸೀಲಾ!"

ಮೂರನೆಯ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಮಾಮಿಯೇ ಹೇಳಬೇಡ ಅಂದರು ಎಂದರೆ ಮುಗಿಯುತ್ತಿತ್ತು. ಅಲ್ಲವೆನ್ನಲು ಅವರಿಲ್ಲ. ಆದರೆ ತಾನು ಉಮ್ಮನನ್ನು ಉಳಿಸಿಕೊಳ್ಳಬಹುದಿತ್ತು ಎಂದು ಇವನು ಬದುಕಿಡೀ ಕೊರಗುತ್ತಾನೆ.

"ಹುಷಾರಾಗಿಯೇ ಇದ್ರು," ಎಂದಳು. "ನಾನೇ ಒಳಗೆ ಕೂರಿಸಿದ್ದು. ಎಲ್ಲರೆದುರು ಏನಾದ್ರೂ ಹೇಳಿಬಿಡ್ತಾರೆ ಅಂತ."

ಅಸ್ಕರ್ ಬೈಯಲಿಲ್ಲ. ಬಾಗಿಲಿಗೆ ತಾಗಿ, ಬಾಗಿಲಿಗೇ ಮುಖ ಮಾಡಿ ನಿಂತಿದ್ದ ಕುರ್ಚಿಯನ್ನು ನೋಡುತ್ತಿದ್ದ.

"ಕಿಟಕಿ ಹತ್ರ ಹಾಕ್ಕೊಳ್ಳಿ ಉಮ್ಮಾ ಅಂತ ಎಷ್ಟು ಸಲ ಹೇಳಿದೆ," ಎಂದ. "ಇಲ್ಲೇ ಗಾಳಿ ಬರ್ತದೆ ಮಗಾ ಅಂತಿದ್ರು."

ತೋಳಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ಹೋಗುವಾಗ ಬಾಗಿಲು ಎಳೆದುಕೊಂಡ.

ಜಸೀಲಾ ಆ ಕುರ್ಚಿಯಲ್ಲೇ ಕೂತಳು. ಹೊರಗಿನ ಒಂದೊಂದು ಮಾತೂ ಕೇಳಿಸುತ್ತಿತ್ತು. ಯಾರ ಭಾವನನ್ನು ಯಾವ ಆಸ್ಪತ್ರೆಗೆ ಸೇರಿಸಿದ್ದು, ಯಾರ ತವರು ಯಾರ ಮನೆಯ ಹತ್ತಿರ, ಎಲ್ಲವೂ.

"ಜಸೀಲಾ ಎಲ್ಲಿ ಮಗಾ?" ಮನೋರಮಕ್ಕನ ದನಿ. "ಹೇಳಿ ಹೊರಡುವ ಅಂತ."

"ಅವಳಿಗೆ ಹುಷಾರಿಲ್ಲ," ಅಸ್ಕರ್ ಹೇಳಿದ. "ಮಲಗಿದ್ದಾಳೆ."

ಪಾಪ, ಮಲಗಲಿ ಎಂದರು ಯಾರೋ. ಮತ್ತೆ ಮಾತು ಸುರುವಾಯಿತು. ಜಸೀಲಾ ಕುರ್ಚಿಯನ್ನು ಬಾಗಿಲಿಗೆ ಇನ್ನೂ ಸ್ವಲ್ಪ ಹತ್ತಿರ ಎಳೆದುಕೊಂಡಳು.